ಕಾಕಾನ ಕುಂದಾ, ಕಾಣದ ಸಂದು

ನಮ್ಮ ಕಾಕಾನ ಮನೆಯ ನಾಯಿ ಬೊಗಳುವುದಿಲ್ಲ. ಬೊಗಳಲು ಬರುವುದಿಲ್ಲ ಅಂತಲ್ಲ. ಪಾಪ, ಅದಕ್ಕೆ ಸರದಿಯೇ ಸಿಗುವುದಿಲ್ಲ! ಗೇಟಿನ ಹತ್ತಿರ ಚಪ್ಪಲಿಯ ಸಪ್ಪಳವಾದರೆ ಸಾಕು, ನಾಯಿ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಕಾಕಾ "ಯಾರದು?" ಎಂದು ಗುಡುಗಿರುತ್ತಾನೆ. ಹೀಗೆ ಕಾದು ಕಾದು ಬೇಸತ್ತ ಆ ನಾಯಿ ಈಗ ಬಂದವರ ಪಕ್ಕದಲ್ಲಿ ತಾನೂ ಬಂದು ನಿಲ್ಲುತ್ತದೆ. ನಮ್ಮನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಕುತೂಹಲ ಅದಕ್ಕೆ.

ನಾನು ಅವನ ಸ್ವಂತ ಅಣ್ಣನ ಮಗಳು. ಚಿಕ್ಕೋಡಿಯಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿದ್ದೇನೆ. ರಜೆಯ ದಿನ ರಾಯಬಾಗಕ್ಕೆ ಹೋಗಿ ಬಾಗಿಲು ಬಡಿದರೆ ನನಗೂ ಅದೇ ಮರ್ಯಾದೆ.

"ಯಾರದು?"

"ನಾನ ಕಾಕಾ."

"ನಾನ ಅಂತ ಎಲ್ಲಾರೂ ಅಂತಾರ. ನೀ ನೀನ ಅಂತ ಹೆಂಗ ನಂಬಲಿ? ನಿಮ್ಮವ್ವನ ತವರೂರು ಯಾವುದು?"

"ಅಥಣಿ."

"ಅದು ಊರಿಗೆಲ್ಲಾ ಗೊತ್ತೈತಿ. ನಿಮ್ಮಜ್ಜನ ಎತ್ತಿನ ಹೆಸರ ಹೇಳು!"

ನಾನು ಹುಟ್ಟುವ ಮೊದಲೇ ಸತ್ತ ಎತ್ತಿನ ಹೆಸರು ನನಗೆ ಹೇಗೆ ಗೊತ್ತಿರಬೇಕು? ಅಷ್ಟರಲ್ಲಿ ಕಾಕಿ ಬಂದು ಅಗಳಿ ತೆಗೆಯುತ್ತಾಳೆ. "ಬಾರವ್ವಾ ಒಳಗ. ಆ ಎತ್ತಿನ ಹೆಸರ ಅವರಿಗೂ ನೆನಪಿಲ್ಲ" ಎನ್ನುತ್ತಾಳೆ. ನನಗಿಂತ ಮೊದಲು ನಾಯಿ ಒಳಗೆ ನುಗ್ಗುತ್ತದೆ.

ಇಂಥವನಿಗೆ ಔಷಧ ಕೊಡುವುದೆಂದರೆ ಏನು ಅಂತ ನೀವೇ ಊಹಿಸಿ. ನನ್ನ ಅಂಗಡಿಯಿಂದಲೇ ಬಿ.ಪಿ. ಗುಳಿಗೆ ಒಯ್ದು ಕೊಟ್ಟರೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಚೇಳು ನೋಡಿದಂತೆ ನೋಡುತ್ತಾನೆ.

"ಮೊದಲ ನೀ ಒಂದ್ ನುಂಗು."

"ನನಗ ಬಿ.ಪಿ. ಇಲ್ಲ ಕಾಕಾ."

"ಇಲ್ಲ ಅಂತ ಯಾರ ಹೇಳ್ಯಾರ?"

"ಡಾಕ್ಟರ್ ಹೇಳ್ಯಾರ."

"ಆ ಡಾಕ್ಟರ್ ಯಾರ ಪೈಕಿ?"

ಈ ವಾದ ಮುಗಿಯುವಷ್ಟರಲ್ಲಿ ಗುಳಿಗೆ ನಿಜಕ್ಕೂ ನನಗೇ ಬೇಕಾಗಿರುತ್ತದೆ!

ಇಷ್ಟೊಂದು ಅನುಮಾನದ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡಬೇಕು ಹೇಳಿ? ಗಡಿಯಾರ ರಿಪೇರಿ ಮಾಡಬಹುದಿತ್ತು, ಹಂಚು ಹೊದಿಸಬಹುದಿತ್ತು. ನಮ್ಮ ಕಾಕಾ ಆರಿಸಿಕೊಂಡದ್ದು ಬಂದೂಕು! ಗಾಬರಿಯಾಗಬೇಡಿ, ಇಡೀ ಬಂದೂಕಲ್ಲ. ಬಂದೂಕಿನ ಹಿಂಬದಿಗೆ, ಹೆಗಲಿಗೆ ಆನಿಸಿಕೊಳ್ಳುವ ಕಟ್ಟಿಗೆ ಇರುತ್ತದಲ್ಲ, ಅದು ಮಾತ್ರ. ಅದಕ್ಕೆ ನಮ್ಮ ಕಡೆ ಕುಂದಾ ಎನ್ನುತ್ತಾರೆ. ಕಬ್ಬಿನ ಹೊಲಕ್ಕೆ ಕಾಡುಹಂದಿ ನುಗ್ಗುತ್ತವೆ ಎಂದು ಲೈಸೆನ್ಸ್ ಮಾಡಿಸಿ ಬಂದೂಕು ಇಟ್ಟುಕೊಂಡ ರೈತರು ನದಿಯ ದಂಡೆಗುಂಟ ಅಲ್ಲಲ್ಲಿ ಇದ್ದಾರೆ. ಹೆಚ್ಚಿನವು ಅಜ್ಜಂದಿರ ಕಾಲದವು. ಕಬ್ಬಿಣ ಗಟ್ಟಿಯಾಗಿರುತ್ತದೆ, ಕಟ್ಟಿಗೆ ಬಿರುಕು ಬಿಟ್ಟಿರುತ್ತದೆ. ಅದನ್ನು ಬೆಸೆಯುವುದು, ಗಿಡ್ಡವಾಗಿದ್ದರೆ ತುಂಡು ಸೇರಿಸಿ ಉದ್ದ ಮಾಡುವುದು, ಸೇರಿಸಿದ್ದು ಗೊತ್ತೇ ಆಗದಂತೆ ಬಣ್ಣ ಕೂಡಿಸಿ ಅಗಸಿ ಎಣ್ಣೆ ಕುಡಿಸಿ ಹೊಳಪು ಕೊಡುವುದು ಕಾಕಾನ ಕೆಲಸ. ಮೊದಲು ಬಾಗಿಲು, ಮಂಚ ಮಾಡುತ್ತಿದ್ದ. ಬಾಗಿಲು ಮಾಡಿಸಿದವರು ಎಲ್ಲರ ಎದುರಿಗೂ ತೆರೆದುಬಿಡುತ್ತಾರೆ ಎಂಬ ಸಿಟ್ಟಿನಿಂದ ಅದನ್ನು ಬಿಟ್ಟನಂತೆ!

ಬಂದೂಕಿನ ಮೇಲೂ ಅವನಿಗೆ ನಂಬಿಕೆಯಿಲ್ಲ. "ನಳಿಗಿ ಮನ್ಯಾಗ ಇಟ್ಟ ಬರ್ರಿ, ಕಟಗಿ ಅಷ್ಟ ತರ್ರಿ" ಎಂದು ಫೋನಿನಲ್ಲೇ ಹೇಳುತ್ತಾನೆ. "ಗುಂಡು ಇಲ್ಲರಿ" ಎಂದರೆ, "ಗುಂಡು ಇಲ್ಲ ಅಂದ ಬಂದೂಕಿನಿಂದ ಸತ್ತಾವ್ರ ಭಾಳ ಮಂದಿ" ಎನ್ನುತ್ತಾನೆ. ಲೈಸೆನ್ಸ್ ನೋಡದೆ ಕಟ್ಟಿಗೆಯನ್ನೂ ಮುಟ್ಟುವುದಿಲ್ಲ. ಲೈಸೆನ್ಸಿನ ಫೋಟೋ ಒಮ್ಮೆ, ಬಂದವರ ಮುಖ ಒಮ್ಮೆ ನೋಡಿ ತಾಳೆ ಹಾಕುತ್ತಾನೆ. ಒಮ್ಮೆ ಕಾಗವಾಡ ಕಡೆಯ ಒಬ್ಬರು ಬಂದಿದ್ದರು.

"ಫೋಟೋದಾಗ ಮೀಸಿ ಐತಿ, ನಿಮಗಿಲ್ಲ."

"ಮೊನ್ನೆರ ತೆಗಿಸೇನ್ರಿ."

"ಯಾಕ ತೆಗಿಸಿದ್ರಿ? ಏನ ಮುಚ್ಚಿಡಾಕ?"

ಆ ಮನುಷ್ಯ ಏನು ಹೇಳಿದರೂ ಕಾಕಾ ಒಪ್ಪಲಿಲ್ಲ. ಪುಣ್ಯಾತ್ಮ ತಿರುಗಿ ಊರಿಗೆ ಹೋಗಿ ಮೀಸೆ ಬೆಳೆಸಿಕೊಂಡು ಬಂದ! ಕೆಲಸ ಮುಗಿಯುವ ತನಕ ಬೋಳಿಸಲಿಲ್ಲವಂತೆ, ಕುಂದಾ ತಿರುಗಿ ಕೊಡುವಾಗ ಮತ್ತೆ ಫೋಟೋ ನೋಡಿದರೆ ಎಂಬ ಭಯಕ್ಕೆ.

ಕುಂದಾ ಎಂದರೆ ಬೆಳಗಾವಿಯ ಸಿಹಿ ತಿಂಡಿ ಎಂದು ಮಾತ್ರ ತಿಳಿದವರಿಗೆ ಈ ಮನೆಯ ಫೋನ್ ಮಾತು ಕೇಳಿಸಲೇಬಾರದು. ಒಮ್ಮೆ ಅಂಗಡಿಯಲ್ಲಿ ಗಿರಾಕಿಗಳು ನಿಂತಾಗ ಕಾಕಾನ ಫೋನ್ ಬಂತು. ಕೈಯಲ್ಲಿ ಔಷಧದ ಬಾಟಲಿ ಇದ್ದುದರಿಂದ ಸ್ಪೀಕರ್ ಒತ್ತಿದೆ. "ಮಗಳ, ಕುಂದಾ ತಯಾರಾಗೇತಿ. ಪಾಲಿಶ್ ಪೇಪರ್ ಹಚ್ಚಿ ತಿಕ್ಕೇನಿ, ಅಗಸಿ ಎಣ್ಣಿ ಕುಡಿಸೇನಿ, ಬಿಸಲಾಗ ಇಟ್ಟೇನಿ. ಅಗದೀ ಗಟ್ಟಿ ಆಗೇತಿ, ಕಲ್ಲಿಗೆ ಬಡದ್ರೂ ಒಡ್ಯಾಂಗಿಲ್ಲ" ಎಂದ. ಮುಂದೆ ನಿಂತಿದ್ದ ಹೆಣ್ಣುಮಗಳು ಬಾಯಿಗೆ ಸೆರಗು ಹಿಡಿದು, "ಅಕ್ಕಾರ, ಆ ಮಿಠಾಯಿ ಅಂಗಡಿ ಯಾವುದು ಹೇಳ್ರಿ, ಅಲ್ಲಿ ನಮ್ಮ ಹುಡುಗರನ್ನ ಕಳಸಂಗಿಲ್ಲ!" ಎಂದಳು.

ಆದರೆ ಕಾಕಾನ ನಿಜವಾದ ಹುಚ್ಚು ಇದ್ದದ್ದು ಸಂದಿನಲ್ಲಿ. ಹಳೆಯ ಕಟ್ಟಿಗೆಗೂ ಸೇರಿಸಿದ ತುಂಡಿಗೂ ನಡುವೆ ಒಂದು ಗೆರೆ ಇರಲೇಬೇಕಲ್ಲ? ಅದು ಯಾರಿಗೂ ಕಾಣಬಾರದು. ಮನೆಗೆ ಬಂದ ಬೀಗರಿಗೆ ಚಹದ ಕಪ್ಪಿನ ಜೊತೆ ಒಂದು ಕುಂದಾವನ್ನೂ ಕೈಗೆ ಕೊಡುತ್ತಾನೆ.

"ಸಂದು ಎಲ್ಲೈತಿ, ತೋರಸ್ರಿ."

ಬೀಗರು ಚಹ ಆರಿಸಿಕೊಂಡು ಹುಡುಕುತ್ತಾರೆ. ಸಿಗಲಿಲ್ಲ ಎಂದರೆ, "ನನ್ನ ಖುಷಿ ಮಾಡಾಕ ಸುಳ್ಳ ಹೇಳಾಕತ್ತಾರ" ಎಂಬ ಅನುಮಾನ. ಒಂದು ವೇಳೆ ಯಾರಾದರೂ ಸರಿಯಾಗಿ ತೋರಿಸಿಬಿಟ್ಟರೋ, "ಇವಗ ಮೊದಲ ಯಾರೋ ಹೇಳಿಕೊಟ್ಟಾರ!" ನಮ್ಮ ಬಳಗದಲ್ಲಿ ಈ ಪರೀಕ್ಷೆ ಪಾಸಾದವರು ಯಾರೂ ಇಲ್ಲ, ಫೇಲಾದವರೂ ಇಲ್ಲ.

ಈ ಹುಚ್ಚೇ ಅವನನ್ನು ಒಂದು ದಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಸಿತು.

ಆದದ್ದು ಹೀಗೆ. ಶಿರಗುಪ್ಪಿಯಲ್ಲಿ ಕಬ್ಬು ಬೆಳೆಯುವ ಒಬ್ಬ ಸಾವಕಾರರಿದ್ದಾರೆ. ಬಾಗಿಲಿಗೆ ಬಂದರೆ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ. ಅವರ ಅಜ್ಜ ಮಾತ್ರ ಗಿಡ್ಡ. ಅಜ್ಜ ತನ್ನ ತೋಳಿನ ಅಳತೆಗೆ ಕುಂದಾ ಕತ್ತರಿಸಿಕೊಂಡಿದ್ದ. ಬಿರುಕು ಬಿಟ್ಟಾಗ ತಾಮ್ರದ ತಂತಿ ಸುತ್ತಿದ್ದ. ಅದೇ ಬಂದೂಕು ಮೊಮ್ಮಗನ ಹೆಸರಿಗೆ ಬಂದಿತ್ತು. ಕುಂದಾ ಗಿಡ್ಡವಾದರೆ ಏನಾಗುತ್ತದೆ ಗೊತ್ತೆ? ಗುಂಡು ಹಾರಿದ ಹೊಡೆತಕ್ಕೆ ಹಿಡಿದವರ ಹೆಬ್ಬೆರಳು ಹಿಂದೆ ಚಿಮ್ಮಿ ಅವರದೇ ಮೂಗಿಗೆ ಬಡಿಯುತ್ತದೆ. ಹೀಗೆ ಸಾವಕಾರರು ಹೊಲದಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದಾಗೆಲ್ಲ ಹಂದಿಗಳು ಆರಾಮವಾಗಿ ಕಬ್ಬು ತಿನ್ನುತ್ತಿದ್ದವು. ಊದಿಕೊಳ್ಳುತ್ತಿದ್ದದ್ದು ಸಾವಕಾರರ ಮೂಗು!

"ನಾಕ ಬೆರಳ ಉದ್ದ ಮಾಡಿಕೊಡ್ರಿ ಮಿಸ್ತ್ರಿ" ಎಂದು ಅವರು ಬಂದರು.

"ಯಾಕ ಉದ್ದ?"

"ನನ್ನ ಕೈ ಉದ್ದ ಅದಾವ್ರಿ."

"ಅದನ್ನ ನೀವ ಹೇಳಿದ್ರ ಆತೇನ್ರಿ?" ಎಂದು ಕಾಕಾ ಟೇಪು ತಂದು ಎರಡೂ ತೋಳು ಅಳೆದ. ಎಡಗೈಗೂ ಬಲಗೈಗೂ ತುಸು ವ್ಯತ್ಯಾಸ ಬಂತು. ಯಾರ ಕೈಯಾದರೂ ಹಾಗೇ ಅಲ್ಲವೆ? ಕಾಕಾ ಹುಬ್ಬು ಗಂಟಿಕ್ಕಿ, "ಎರಡ ಕೈ ಎರಡ ಥರಾ ಹೇಳಾಕತ್ತಾವು. ನಾ ಯಾವುದನ್ನ ನಂಬಲಿ?" ಎಂದು ಕೇಳಿದ. ಸಾವಕಾರರು ತಮ್ಮ ಕೈಗಳನ್ನೇ ಮಿಕಮಿಕ ನೋಡಿಕೊಂಡರು.

ಕೆಲಸ ಮಾತ್ರ ಚೆನ್ನಾಗಿ ನಡೆಯಿತು. ಹೊಸ ಕಟ್ಟಿಗೆಯನ್ನು ಕಾಕಾ ಮುಟ್ಟುವುದಿಲ್ಲ. "ಅದಕ್ಕ ಇನ್ನಾ ಬುದ್ಧಿ ಬಂದಿರಂಗಿಲ್ಲ, ಯಾವಾಗ ಸೊಟ್ಟ ಆಗತೈತೋ" ಎನ್ನುತ್ತಾನೆ. ಮಂಗಸೂಳಿಯಲ್ಲಿ ಯಾರೋ ಹಳೆಯ ಮನೆ ಕೆಡವಿದಾಗ ತಂದಿಟ್ಟುಕೊಂಡ ತೊಲೆಯ ತುಂಡಿತ್ತು. ಕುಂದಾದ ತುದಿಯನ್ನು ಸಮ ಮಾಡಿ, ಒಳಗೆ ಗೂಟ ಕೊಟ್ಟು, ತೊಲೆಯ ತುಂಡು ಕೂಡಿಸಿ ಅಂಟು ಹಾಕಿದ. ತಂತಿ ಬಿಚ್ಚಿ ಬಿರುಕು ಬೆಸೆದ. ಆಮೇಲೆ ತಿಂಗಳುಗಟ್ಟಲೆ ತಿಕ್ಕಿದ. ಬಿಳಿಚಿದ ತೊಲೆ ಒಂದು ಕಡೆ, ಅಜ್ಜನ ಕೈಬೆವರು ಕುಡಿದು ಕಪ್ಪಾದ ಕಟ್ಟಿಗೆ ಇನ್ನೊಂದು ಕಡೆ. ಕಾಚು, ಸುಣ್ಣದ ತಿಳಿ, ಕಡಕ್ ಚಹದ ಡಿಕಾಕ್ಷನ್ ಬೆರೆಸಿದ ಬಣ್ಣವನ್ನು ಪದರ ಪದರವಾಗಿ ಹಚ್ಚಿದ ಮೇಲೆ ಎರಡೂ ಒಂದೇ ಗಿಡದಲ್ಲಿ ಹುಟ್ಟಿದ ಹಾಗೆ ಕೂಡಿಕೊಂಡವು. ನಾನು ಕಿಟಕಿಗೆ ಹಿಡಿದು ಹುಡುಕಿದೆ. ಸಂದು ಸಿಗಲಿಲ್ಲ. "ಸುಳ್ಳ ಹೇಳಾಕತ್ತಿ" ಎಂದ ಕಾಕಾ.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ಸಾವಕಾರರು ಗಡಿಬಿಡಿಯಲ್ಲಿ ನಳಿಗೆಯನ್ನಷ್ಟೇ ಒಪ್ಪಿಸಿ, "ಕಟಗಿ ರಾಯಬಾಗದಾಗ ರಿಪೇರಿಗೆ ಐತ್ರಿ" ಎಂದರು. ಅರ್ಧ ಬಂದೂಕು ಠಾಣೆಯಲ್ಲಿ, ಅರ್ಧ ಹೊರಗೆ ಎಂದರೆ ಪೊಲೀಸರು ಸುಮ್ಮನಿರುತ್ತಾರೆಯೆ? ಒಬ್ಬ ಪೇದೆಯನ್ನು ಕಾಕಾನ ಮನೆಗೆ ಕಳಿಸಿದರು. ಅಂದು ಭಾನುವಾರ, ನಾನೂ ಅಲ್ಲೇ ಇದ್ದೆ.

"ಯಾರದು?"

"ಪೊಲೀಸ್ರಿ."

ಕಾಕಾ ಕಿಟಕಿಯಿಂದ ಇಣುಕಿದ. ಸಾದಾ ಬಟ್ಟೆಯಲ್ಲಿ ಬಡಕಲು ಹುಡುಗನೊಬ್ಬ ಬೈಕಿನ ಪಕ್ಕ ನಿಂತಿದ್ದ. "ಪೊಲೀಸ್ ಅಂತೀ, ಹೊಟ್ಟಿ ಎಲ್ಲೈತಿ?"

ಆತ ಪಾಪ ನಕ್ಕು ಗುರುತಿನ ಚೀಟಿ ತೋರಿಸಿದ. "ಇಂಥಾವು ನಿಪ್ಪಾಣಿ ಸ್ಟ್ಯಾಂಡಿನ ಮಗ್ಗಲದಾಗ ಬೇಕಾದಷ್ಟ ಮಾಡಿಕೊಡ್ತಾರ" ಎಂದ ಕಾಕಾ. ಠಾಣೆಗೆ ಫೋನ್ ಹಚ್ಚಿ ಕೊಟ್ಟರೆ, "ಆ ಕಡಿ ಮಾತಾಡಾವ ನಿನ್ನ ದೋಸ್ತ ಇದ್ರ?" ಎಂದ. ಕೊನೆಗೆ ಸಾವಕಾರರೇ ಜೀಪು ತೆಗೆದುಕೊಂಡು ಓಡಿ ಬರಬೇಕಾಯಿತು. ಕಾಕಾ ಕುಂದಾವನ್ನು ಕಾಕಿಯ ಹಳೆಯ ಸೀರೆಯಲ್ಲಿ ಬಾಣಂತಿಯ ಕೂಸಿನ ಹಾಗೆ ಸುತ್ತಿ ಎದೆಗವಚಿಕೊಂಡ. "ನೀನೂ ಬಾ, ನೀನೂ ಬಾ" ಎಂದು ಕಾಕಿಯನ್ನೂ ನನ್ನನ್ನೂ ಜೀಪಿಗೆ ಹತ್ತಿಸಿದ. ಸಾಕ್ಷಿಗೆ ಮನೆಯವರು ಬೇಕಂತೆ! ಪೇದೆ ಮುಂದೆ ಬೈಕಿನಲ್ಲಿ ಹೋಗುತ್ತಿದ್ದರೆ, "ಅಂವಾ ದಾರಿ ತಪ್ಪಸಾಕತ್ತಾನೇನ ನೋಡ್ರಿ" ಎಂದು ದಾರಿಯುದ್ದಕ್ಕೂ ಸಾವಕಾರರ ಬೆನ್ನು ತಿವಿದ.

ಠಾಣೆಯ ಸಾಹೇಬರು ಮೈಸೂರು ಕಡೆಯವರು, ಬಂದು ಹೆಚ್ಚು ದಿನವಾಗಿರಲಿಲ್ಲ. ಪೇದೆ ಸೆಲ್ಯೂಟ್ ಹೊಡೆದು, "ಸರ್, ಶಿರಗುಪ್ಪಿ ಸಾವಕಾರ್ರ ಕುಂದಾ ತಂದೇವ್ರಿ" ಎಂದ. ಸಾಹೇಬರು ತಲೆಯೆತ್ತದೆ, "ನನಗೆ ಶುಗರ್ ಇದೆ ಕಣಯ್ಯಾ, ಸ್ಟಾಫ್‌ಗೆಲ್ಲಾ ಹಂಚಿಬಿಡು" ಎಂದರು!

ಸೀರೆ ಬಿಚ್ಚಿ ಮೇಜಿನ ಮೇಲೆ ಇಟ್ಟ ಮೇಲೆಯೇ ಅವರಿಗೆ ಅರ್ಥವಾದದ್ದು. ನಗು ಮುಗಿಸಿ, ಲೈಸೆನ್ಸಿನ ಜೊತೆಗಿದ್ದ ಹಳೆಯ ವಿವರ ಓದಿದರು. ಅವರ ಮುಖ ನಿಧಾನವಾಗಿ ಗಂಭೀರವಾಯಿತು.

"ಇದರಲ್ಲಿ ಗಿಡ್ಡ ಕುಂದಾ, ಬಿರುಕು, ತಾಮ್ರದ ತಂತಿ ಅಂತಿದೆ. ಇದು ಉದ್ದ ಇದೆ. ಬಿರುಕಿಲ್ಲ. ತಂತಿ ಇಲ್ಲ. ಹೊಚ್ಚ ಹೊಸದರ ಥರ ಇದೆ. ಇದು ಬೇರೆ ಬಂದೂಕಿಂದು ಕಣ್ರೀ! ಹಳೇದು ಎಲ್ಲಿ?"

"ಇದ ಹಳೇದ್ರಿ ಸಾಹೇಬ್ರ, ಉದ್ದ ಮಾಡಿಸೇನ್ರಿ" ಎಂದರು ಸಾವಕಾರರು.

"ಹಾಗಾದ್ರೆ ಸೇರಿಸಿದ ಗುರುತು ಎಲ್ಲಿ? ನಿಮ್ಮ ಹತ್ರ ಎರಡನೇ ಬಂದೂಕು ಏನಾದ್ರೂ ಇದೆಯಾ?"

ನಳಿಗೆ ತರಿಸಿ ಕೂಡಿಸಿದರು. ಸರಿಯಾಗಿ ಕೂಡಿತು. "ಒಂದೇ ಮಾದರಿ ಬಂದೂಕು ಊರಲ್ಲಿ ನಾಲ್ಕು ಇರಬಹುದು. ಕೂಡಿದ ಮಾತ್ರಕ್ಕೆ ನಂಬೋಕಾಗುತ್ತಾ?" ಎಂದರು ಸಾಹೇಬರು. ನಾನು ಕಾಕಾನ ಮುಖ ನೋಡಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ತನ್ನ ಸರಿಸಮಾನರಾದವರನ್ನು ಕಂಡಿದ್ದ ಅವನ ಮುಖದಲ್ಲಿ ಭಕ್ತಿ ಉಕ್ಕುತ್ತಿತ್ತು!

"ಹುಡುಕ್ರಿ ಸಾಹೇಬ್ರ, ಹುಡುಕ್ರಿ" ಎಂದ ಹುರುಪಿನಿಂದ. ಸಾಹೇಬರು ಹುಡುಕಿದರು. ಬಡಕಲು ಪೇದೆ ಟಾರ್ಚು ಹಿಡಿದ. ಠಾಣೆಯ ಗುಮಾಸ್ತರು ಭೂತಗನ್ನಡಿ ತಂದರು. ಒಳಗೆ ಕೂತಿದ್ದ, ಕುಡಿದು ಜಗಳ ಮಾಡಿ ಬಂದಿದ್ದ ಒಬ್ಬಾತನೂ ಕಂಬಿಯಿಂದ ಮೂಗು ಹೊರಗಿಟ್ಟು, "ಬುಡಕ್ಕ ನೋಡ್ರಿ ಸಾಹೇಬ್ರ" ಎಂದು ಸಲಹೆ ಕೊಟ್ಟ. ಯಾರಿಗೂ ಸಿಗಲಿಲ್ಲ. ಕಾಕಾ ಉಬ್ಬಿ ಉಬ್ಬಿ ಇನ್ನೇನು ಛಾವಣಿಗೆ ತಾಗುತ್ತಾನೆ ಅನ್ನಿಸಿತು.

ಸಾಹೇಬರು ಕುಂದಾವನ್ನು ಮೇಜಿನ ಮೇಲಿಟ್ಟರು. "ನೋಡಿ ಯಜಮಾನ್ರೇ, ತಮಾಷೆ ಸಾಕು. ಸಂದು ಇದೆ ಅಂತ ತೋರಿಸಿದರೆ ಸರಿ. ಇಲ್ಲದಿದ್ರೆ ಹಳೇದು ಬಚ್ಚಿಟ್ಟಿದ್ದೀರ ಅಂತಲೇ ನಾನು ತಿಳ್ಕೋಬೇಕಾಗುತ್ತೆ. ಇವರ ಲೈಸೆನ್ಸ್ ಹೋಗುತ್ತೆ, ಇಬ್ಬರ ಮೇಲೂ ಕೇಸಾಗುತ್ತೆ. ಮಾಡಿದವರು ನೀವು. ನೀವೇ ತೋರಿಸಿ."

ಸಾವಕಾರರು ಬೆವರು ಒರೆಸಿಕೊಂಡು, "ತೋರಿಸಿಬಿಡ್ರಿ ಮಿಸ್ತ್ರಿ" ಎಂದರು.

ಕಾಕಾ ಕುಂದಾ ಕೈಗೆ ತೆಗೆದುಕೊಂಡ. ತಿರುಗಿಸಿದ. ಕಿಟಕಿಯ ಹತ್ತಿರ ಹೋಗಿ ಮುಖದ ಹತ್ತಿರ ಹಿಡಿದ. ಬೆರಳಾಡಿಸಿದ. ಮತ್ತೆ ತಿರುಗಿಸಿದ. ನಾನು ಮೊದಲು ಬೇಕಂತಲೇ ತಡ ಮಾಡುತ್ತಿದ್ದಾನೆ, ಮಜಾ ತೆಗೆದುಕೊಳ್ಳುತ್ತಿದ್ದಾನೆ ಅಂದುಕೊಂಡೆ. ಕಿಟಕಿಯ ಬೆಳಕು ನೇರವಾಗಿ ಅವನ ಕಣ್ಣಿಗೆ ಬಿದ್ದಿತ್ತು. ಆಗ ಕಂಡಿತು ನನಗೆ: ಎರಡೂ ಕಣ್ಣಿನ ಗೊಂಬೆಗಳ ಮೇಲೆ ಹಾಲಿನ ಕೆನೆಯಂಥ ಮಬ್ಬು. ಔಷಧ ಮಾರುವವಳು ನಾನು. ಎಷ್ಟು ಸಲ ಆ ಮುಖದ ಮುಂದೆ ಕೂತು ಗುಳಿಗೆಗಾಗಿ ಜಗಳವಾಡಿದ್ದೆ!

ಕಾಕಾನಿಗೆ ಸಂದು ಸಿಗುತ್ತಿರಲಿಲ್ಲ.

ಗೋಡೆಯ ಬಳಿ ಬೆಂಚಿನ ಮೇಲೆ ಕೂತಿದ್ದ ಕಾಕಿ ಎದ್ದಳು. "ಇಲ್ಲಿ ಕೊಡ್ರಿ" ಎಂದಳು ಮೆಲ್ಲಗೆ. ಕಾಕಾ ಅವಳ ಕೈಗೆ ಕೊಟ್ಟ. ಅವಳು ನೋಡಲೂ ಇಲ್ಲ, ಹೆಬ್ಬೆರಳನ್ನು ಒಂದು ಕಡೆ ಊರಿ, "ಇಲ್ಲೈತ್ರಿ ಸಾಹೇಬ್ರ. ಸ್ಪಿರಿಟ್ ಇದ್ರ ಒಂದ್ ಅರಿವಿ ತುಂಡಿಗೆ ಹಚ್ಚಿಕೊಡ್ರಿ" ಎಂದಳು. ಠಾಣೆಯ ಔಷಧ ಪೆಟ್ಟಿಗೆಯಿಂದ ಸ್ಪಿರಿಟ್ ಬಂತು. ಅವಳು ತಿಕ್ಕುತ್ತ ಹೋದಂತೆ ಹೊಳಪು ಹೋಯಿತು, ಅದರ ಕೆಳಗಿನ ಬಣ್ಣ ಬಟ್ಟೆಗೆ ಬಂತು. ಒಂದು ಕಡೆ ಅಜ್ಜನ ಕಪ್ಪು ಕಟ್ಟಿಗೆ, ಇನ್ನೊಂದು ಕಡೆ ಬಿಳಿಚಿದ ತೊಲೆ, ನಡುವೆ ಕೂದಲೆಳೆಯಂಥ ಗೆರೆ. ತುಸು ಮೇಲೆ ತಿಕ್ಕಿದಾಗ ತಾಮ್ರದ ತಂತಿ ಕಟ್ಟಿಗೆಯಲ್ಲಿ ಊರಿದ್ದ ಹಳೆಯ ಕಲೆಯೂ ಕಂಡಿತು. ಸಾವಕಾರರ ಹೋದ ಜೀವ ತಿರುಗಿ ಬಂತು.

"ನಿಮಗೆ ಹೇಗಮ್ಮಾ ಗೊತ್ತು?" ಸಾಹೇಬರು ಬೆರಗಿನಿಂದ ಕೇಳಿದರು.

"ಬಣ್ಣಾ ನಾನ ಹಚ್ಚೇನ್ರಿ" ಎಂದಳು ಕಾಕಿ. ಹೇಳಿ ತಪ್ಪು ಮಾಡಿದವಳ ಹಾಗೆ ಕಾಕಾನ ಕಡೆ ನೋಡಿದಳು. ಕಾಕಾ ಕಿಟಕಿಯ ಹೊರಗೆ ನೋಡುತ್ತಿದ್ದ.

ಸಾಹೇಬರು ಒಳ್ಳೆಯ ಮನುಷ್ಯರು. ಹೊಸ ವಿವರ ಬರೆಸಿಕೊಂಡು, ಬಂದೂಕು ಇಟ್ಟುಕೊಂಡು, ಎಲ್ಲರಿಗೂ ಚಹ ತರಿಸಿದರು. ಕಾಕಾ ತನ್ನ ಕಪ್ಪನ್ನು ಪೇದೆಯ ಕಪ್ಪಿನ ಜೊತೆ ಅದಲು ಬದಲು ಮಾಡಿದ್ದನ್ನು ನಾನು ನೋಡಿದೆ. ಸ್ವಭಾವ ಎಲ್ಲಿ ಹೋಗುತ್ತದೆ?

ಬರೆಯುವ ಕೆಲಸ ಮುಗಿಯುವ ತನಕ ನಾನೂ ಕಾಕಿಯೂ ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತೆವು.

"ಯಾವಾಗಿಂದ ಕಾಕಿ?"

"ಭಾಳ ದಿನಾತವ್ವಾ. ಮೊದಲ ಬಣ್ಣ ಗೊತ್ತ ಆಗಲಾರದಂಗಾತು, ಆಮ್ಯಾಲ ಗೆರಿ. ಕಡಿಯೂದು, ತಿಕ್ಕೂದು ಎಲ್ಲಾ ಕೈ ಅಂದಾಜಿಲೆ ಮಾಡ್ತಾರ. ಬಣ್ಣ ನಾ ಹಚ್ತೀನಿ. ಯಾರ ಮುಂದೂ ಹೇಳಬ್ಯಾಡ ಅಂದಿದ್ರು."

"ಮತ್ತ ಬರೋಬ್ಬರಿ ಆಗೇತೋ ಇಲ್ಲೋ ಅಂತ ಅವಗ ಹೆಂಗ ತಿಳೀತೈತಿ?"

"'ಕೂಡಿತೇನ?' ಅಂತ ಕೇಳ್ತಾರ. 'ಕೂಡೇತ್ರಿ' ಅಂತೀನಿ."

"ಮತ್ತ?"

"ಮತ್ತೇನ? ಗಿರಾಕಿಗೆ ಫೋನ್ ಹಚ್ತಾರ."

ಸ್ವಂತ ಅಣ್ಣನ ಮಗಳಿಗೆ ಸತ್ತ ಎತ್ತಿನ ಹೆಸರು ಕೇಳುವ ಮನುಷ್ಯ, ಸಾವಕಾರರ ಎರಡು ಕೈಗಳನ್ನೇ ನಂಬದ ಮನುಷ್ಯ, ತನ್ನ ಹೆಸರನ್ನೂ ಅನ್ನವನ್ನೂ ಒಂದು "ಕೂಡೇತ್ರಿ"ಗೆ ಒಪ್ಪಿಸಿ ಇಷ್ಟು ವರ್ಷ ನಿಶ್ಚಿಂತೆಯಿಂದ ಇದ್ದ! ಎರಡನೇ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಕಣ್ಣಿನ ಆಪರೇಷನ್ ಎಂದರೆ ಕಾಕಾ ಕುಣಿದಾಡಿದ. "ಕಣ್ಣ ಮುಚ್ಚಿಸಿ ಕೊಯ್ತಾರ. ಏನ ಹಾಕಿದ್ರು, ಏನ ತಗದ್ರು, ಯಾರ ನೋಡಬೇಕು?" ಎಂದ. ನಾನು ಹೇಳಿ ಸೋತೆ. ನನ್ನ ತಂದೆಯೂ ಹೇಳಿ ಸೋತರು. ಕೊನೆಗೆ ಒಂದು ಮುಂಜಾನೆ ಕಾಕಿ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತು "ನಡೀರಿ" ಎಂದಳು. ಅವನು ಚಪ್ಪಲಿ ಮೆಟ್ಟಿದ.

ಮಿರಜದ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರನ್ನು ನೋಡಿದ ಕೂಡಲೇ ಕಾಕಾ ನನ್ನ ಕಿವಿಯಲ್ಲಿ, "ಇವಗ ಚಷ್ಮಾ ಐತಿ ನೋಡಿಲ್ಲಿ. ತನ್ನ ಕಣ್ಣ ತನಗ ನೆಟ್ಟಗ ಮಾಡಿಕೊಳ್ಳಾಕ ಬಂದಿಲ್ಲ!" ಎಂದ. ನರ್ಸಿಗೆ ಮೂರು ಬಾರಿ "ಯಾವ ಕಣ್ಣು?" ಎಂದು ಕೇಳಿ, ಅವಳು ಹೇಳಿದ್ದು ಪ್ರತಿ ಸಲ ಒಂದೇ ಇದ್ದುದರಿಂದ, "ಬಾಯಿಪಾಠ ಮಾಡ್ಯಾಳ" ಎಂದು ಅದಕ್ಕೂ ಅನುಮಾನಪಟ್ಟ. ಆದರೂ ಆಪರೇಷನ್ ಆಯಿತು.

ಮರುದಿನ ಪಟ್ಟಿ ಬಿಚ್ಚಿದರು. "ದಿಸ್ತಯ್ ಕಾ ಕಾಕಾ, ಕಾಣಿಸ್ತದ?" ಎಂದು ಡಾಕ್ಟರ್ ಕೇಳಿದರು. ಎದುರಿನ ಕುರ್ಚಿಯಲ್ಲಿ ಕಾಕಿ ಕೂತಿದ್ದಳು, ಮಡಿಲಲ್ಲಿ ಕೈಯಿಟ್ಟುಕೊಂಡು. ಕಾಕಾ ಅವಳ ಮಡಿಲನ್ನೇ ನೋಡುತ್ತಿದ್ದ.

"ಇದು ಯಾವಾಗ ಆತು?" ಎಂದ.

"ಯಾವುದ್ರಿ?"

"ಕೈ."

ಕಾಚೂ ಸುಣ್ಣವೂ ತಿಂದ ಬೆರಳುಗಳು. ತುದಿಯೆಲ್ಲ ಕಪ್ಪುಗಟ್ಟಿ, ಗೆಣ್ಣುಗೆಣ್ಣಿಗೆ ಒಡೆದು, ಉಗುರುಗಳು ಅರ್ಧ ಸವೆದಿದ್ದವು. ಕಾಕಿ ಚಟ್ಟನೆ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. "ಏನಿಲ್ಲ ಬಿಡ್ರಿ, ಬಣ್ಣ ಅದು. ತೊಳದ್ರ ಹೋಗತೈತಿ."

ಕಾಕಾ ನನ್ನ ಕಡೆ ತಿರುಗಿದ. "ತೊಳದ್ರ ಹೋಗತೈತೇನ?"

"ಇಲ್ಲ ಕಾಕಾ" ಎಂದೆ.

ಬಸ್ ಸ್ಟ್ಯಾಂಡಿಗೆ ಬಂದ ಕೂಡಲೇ ಕಾಕಾ ಕಪ್ಪು ಕನ್ನಡಕ ಹಾಕಿಕೊಂಡು ತಾನೇ ಒಂದು ಅಂಗಡಿಗೆ ಹೋಗಿ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ತಂದ. ಕಲ್ಲುಬೆಂಚಿನ ಮೇಲೆ ಕಾಕಿಯ ಪಕ್ಕ ಕೂತು, ಸೆರಗಿನೊಳಗಿನಿಂದ ಅವಳ ಬಲಗೈ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡ. ಒಂದೊಂದೇ ಬೆರಳಿಗೆ, ಒಡೆದ ಒಂದೊಂದೇ ಗೆರೆಗೆ ಎಣ್ಣೆ ಹಚ್ಚಿ ತಿಕ್ಕತೊಡಗಿದ. ಸುತ್ತ ಬುಟ್ಟಿ, ಗಂಟು, ಕೂಸು ಹೊತ್ತ ಜನ.

"ಬಿಡ್ರೀ... ಮಂದಿ ನೋಡಾಕತ್ತಾರ" ಎಂದಳು ಕಾಕಿ, ಮುಖ ಕೆಂಪಗೆ ಮಾಡಿಕೊಂಡು.

"ನೋಡ್ಲಿ."

ರಾಯಬಾಗದ ಬಸ್ಸು ಬಂತು. ಜನ ನುಗ್ಗಿದರು. ನಾನು ಚೀಲ ಎತ್ತಿಕೊಂಡು, "ಕಾಕಾ, ಬಸ್ಸು!" ಎಂದೆ.

ಅವನು ತಲೆಯೆತ್ತಲಿಲ್ಲ. ಕಿರುಬೆರಳಿನ ಉಗುರಿಗೆ ಎಣ್ಣೆ ಹಚ್ಚುವುದನ್ನು ಮುಗಿಸಿ, ಆ ಕೈಯನ್ನು ಮೆಲ್ಲಗೆ ಅವಳ ಮಡಿಲಲ್ಲಿಟ್ಟು, "ಇನ್ನೊಂದ್ ಕೈ ಕೊಡು" ಎಂದ.